ಬೀಗವಿಲ್ಲದ ಪುಸ್ತಕದ ಪೆಟ್ಟಿಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಸೇಂಟ್ ಕ್ರಾಯ್ ನದಿಯ ದಂಡೆಯ ಮೇಲೆ ಹಡ್ಸನ್ ಎಂಬ ಸಣ್ಣ ಊರಿದೆ. 2009ರಲ್ಲಿ ಆ ಊರಿನ ಟಾಡ್ ಬೋಲ್ ಎಂಬುವರು ತಮ್ಮ ಗ್ಯಾರೇಜಿನ ಹಳೆಯ ಬಾಗಿಲಿನ ಮರದಿಂದ ಒಂದು ಪೆಟ್ಟಿಗೆ ಮಾಡಿದರು. ಅದರ ಆಕಾರ ಹಿಂದಿನ ಕಾಲದ ಒಂದೇ ಕೋಣೆಯ ಶಾಲೆಯದು. ಬೋಲ್ ಅವರ ತಾಯಿ ಶಿಕ್ಷಕಿಯಾಗಿದ್ದವರು. ಪುಸ್ತಕವೆಂದರೆ ಅವರಿಗೆ ಪ್ರಾಣ. ತೀರಿಕೊಂಡ ತಾಯಿಯ ನೆನಪಿಗೆಂದು ಮಾಡಿದ ಆ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ, ಕಂಬದ ಮೇಲೆ ಕೂರಿಸಿ, ಮನೆಯ ಮುಂದಿನ ಅಂಗಳದಲ್ಲಿ ನಿಲ್ಲಿಸಿದರು. ಪೆಟ್ಟಿಗೆಗೆ ಬಾಗಿಲಿತ್ತು, ಬೀಗವಿರಲಿಲ್ಲ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಅದರಿಂದ ಒಂದು ಪುಸ್ತಕ ಒಯ್ಯಬಹುದು, ತಾವು ಓದಿ ಮುಗಿಸಿದ ಇನ್ನೊಂದನ್ನು ಅಲ್ಲಿಡಬಹುದು.

ಸದಸ್ಯತ್ವದ ಚೀಟಿ ಇಲ್ಲ, ಠೇವಣಿ ಇಲ್ಲ, ರಿಜಿಸ್ಟರ್ ಇಲ್ಲ, ತಡವಾದರೆ ದಂಡವೂ ಇಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ದಾರಿಹೋಕರಿಗೆಂದು ಅರವಟಿಗೆ ಇಡುತ್ತಾರಲ್ಲ, ಹಾಗೆ ಇದು ಪುಸ್ತಕದ ಅರವಟಿಗೆ ಎನ್ನಬಹುದು. ಇಂದು ಜಗತ್ತಿನ ನೂರಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ಪೆಟ್ಟಿಗೆಗಳಿವೆ. ಬಡಾವಣೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ಸುತ್ತಿ, ಪುಸ್ತಕ ಬದಲಾಯಿಸಿಕೊಂಡು ಬರುವುದು ಅನೇಕ ಊರುಗಳಲ್ಲಿ ಮಕ್ಕಳು, ದೊಡ್ಡವರು ಎನ್ನದೆ ಎಲ್ಲರಿಗೂ ರಜಾದಿನದ ಹವ್ಯಾಸವಾಗಿದೆ. ಆದರೆ ಅರವಟಿಗೆಯ ಗಡಿಗೆಗೆ ನೀರು ತುಂಬುವವರು ಒಬ್ಬರು ಇರಲೇಬೇಕು. ಪುಸ್ತಕದ ಪೆಟ್ಟಿಗೆಯ ಚರಿತ್ರೆಯುದ್ದಕ್ಕೂ ಕಾಡುವ ಪ್ರಶ್ನೆಯೂ ಅದೇ: ಪುಸ್ತಕ ಇಡುವುದು ಸುಲಭ, ಇಟ್ಟ ಮೇಲೆ ನೋಡಿಕೊಳ್ಳುವವರು ಯಾರು?

ಶನಿವಾರದ ಪುಸ್ತಕಗಳು

ಬೋಲ್ ಅವರ ಪೆಟ್ಟಿಗೆಯನ್ನು ಕಂಡ ನೆರೆಹೊರೆಯವರು ತಮಗೂ ಅಂಥದೇ ಬೇಕೆಂದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ರಿಕ್ ಬ್ರೂಕ್ಸ್ ಅವರ ಜೊತೆಗೂಡಿದರು. 'ಲಿಟ್ಲ್ ಫ್ರೀ ಲೈಬ್ರರಿ', ಅಂದರೆ ಪುಟ್ಟ ಉಚಿತ ಗ್ರಂಥಾಲಯ ಎಂಬ ಹೆಸರು ಬಂತು. ಇಬ್ಬರೂ ಒಂದು ಗುರಿ ಇಟ್ಟುಕೊಂಡರು: 2,509ಕ್ಕಿಂತ ಹೆಚ್ಚು ಪೆಟ್ಟಿಗೆಗಳಾಗಬೇಕು. ಈ ಸಂಖ್ಯೆ ಹುಟ್ಟಿಬಂದದ್ದು ಆಂಡ್ರೂ ಕಾರ್ನೆಗಿಯವರ ಲೆಕ್ಕದ ಪುಸ್ತಕದಿಂದ. ಉಕ್ಕಿನ ದೊರೆ ಎನಿಸಿದ್ದ ಕಾರ್ನೆಗಿ ಜಗತ್ತಿನ ನಾನಾ ಕಡೆ ಕಟ್ಟಿಸಿದ ಗ್ರಂಥಾಲಯಗಳು 2,509. ಅವುಗಳಲ್ಲಿ 1,689 ಅಮೆರಿಕದಲ್ಲೇ ಇದ್ದವು.

ಕಾರ್ನೆಗಿ ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್ಫರ್ಮ್‌ಲಿನ್ ಎಂಬ ಊರಿನ ನೇಕಾರರ ಮನೆಯಲ್ಲಿ. ಆ ಊರಿನ ಐವರು ನೇಕಾರರು ತಮ್ಮಲ್ಲಿದ್ದ ಕೆಲವೇ ಪುಸ್ತಕಗಳನ್ನು ಒಟ್ಟುಗೂಡಿಸಿ ಎರವಲು ಗ್ರಂಥಾಲಯ ಮಾಡಿಕೊಂಡರೆಂದೂ, ತನ್ನ ತಂದೆ ಆ ಐವರಲ್ಲಿ ಒಬ್ಬನೆಂದೂ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕೈಮಗ್ಗ ನೆಲಕಚ್ಚಿದಾಗ ಆ ಕುಟುಂಬ 1848ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದು, ಪಿಟ್ಸ್‌ಬರ್ಗಿನ ಪಕ್ಕದ ಅಲಿಗೆನಿಯಲ್ಲಿ ನೆಲೆಸಿತು. ಹುಡುಗ ಮೊದಲು ಹತ್ತಿ ಗಿರಣಿಗೆ, ಆಮೇಲೆ ತಂತಿ ಕಚೇರಿಗೆ ಕೆಲಸಕ್ಕೆ ಸೇರಿದ.

ಆ ಊರಿನಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬುವರಿದ್ದರು. ಅವರ ಮನೆಯಲ್ಲಿ ಸುಮಾರು 400 ಪುಸ್ತಕಗಳಿದ್ದವು. ದುಡಿಯುವ ಹುಡುಗರು ಪ್ರತಿ ಶನಿವಾರ ಬಂದು ಒಂದು ಪುಸ್ತಕ ಒಯ್ಯಬಹುದು, ಮುಂದಿನ ಶನಿವಾರ ಅದನ್ನು ಕೊಟ್ಟು ಮತ್ತೊಂದನ್ನು ಪಡೆಯಬಹುದು ಎಂದು ಅವರು ಬಾಗಿಲು ತೆರೆದಿಟ್ಟರು. ಮುಂದೆ ಆ ಸಂಗ್ರಹ ಗ್ರಂಥಾಲಯವಾಗಿ ಬೆಳೆದಾಗ, ಕಸುಬು ಕಲಿಯಲು ಕರಾರು ಬರೆದುಕೊಟ್ಟ ಹುಡುಗರಿಗೆ ಮಾತ್ರ ಉಚಿತ, ಉಳಿದವರು ವರ್ಷಕ್ಕೆ 2 ಡಾಲರ್ ಕೊಡಬೇಕು ಎಂಬ ನಿಯಮ ಬಂತು. ಹದಿನೇಳರ ಕಾರ್ನೆಗಿ 1853ರಲ್ಲಿ ಪತ್ರಿಕೆಗೆ ಕಾಗದ ಬರೆದು ಇದನ್ನು ಆಕ್ಷೇಪಿಸಿದ. ತಂತಿ ಕಚೇರಿಯ ಹುಡುಗನೂ ದುಡಿಯುವವನೇ ಅಲ್ಲವೇ ಎಂಬುದು ಅವನ ವಾದ. ನಿಯಮ ಬದಲಾಯಿತು. ಕಾರ್ನೆಗಿ ಈ ಋಣ ಮರೆಯಲಿಲ್ಲ; 1904ರಲ್ಲಿ ಅಲಿಗೆನಿಯಲ್ಲಿ ಆಂಡರ್ಸನ್ ಅವರ ಸ್ಮಾರಕವೊಂದನ್ನು ನಿಲ್ಲಿಸಿದರು.

ಕಟ್ಟಡ ಕೊಟ್ಟವರು, ಪುಸ್ತಕ ಕೊಡದವರು

ಕಾರ್ನೆಗಿಯವರ ಮೊದಲ ಗ್ರಂಥಾಲಯ 1883ರಲ್ಲಿ ಅವರು ಹುಟ್ಟಿದ ಊರಿನಲ್ಲೇ ತೆರೆಯಿತು. ಅವರ ದಾನದ ರೀತಿ ಗಮನಿಸಬೇಕಾದದ್ದು. ಕಟ್ಟಡಕ್ಕೆ ಹಣ ಕೊಡುತ್ತಿದ್ದರೇ ಹೊರತು ಪುಸ್ತಕಗಳಿಗಲ್ಲ. ನಿವೇಶನವನ್ನು ಊರಿನವರೇ ಒದಗಿಸಬೇಕು; ದಾನದ ಮೊತ್ತದ ಶೇಕಡಾ 10ರಷ್ಟನ್ನು ಪ್ರತಿ ವರ್ಷ ಊರಿನ ತೆರಿಗೆಯಿಂದ ಎತ್ತಿಡಬೇಕು. ಪುಸ್ತಕದ ಖರ್ಚು, ನೌಕರರ ಸಂಬಳ, ದೀಪದ ಎಣ್ಣೆ ಎಲ್ಲಕ್ಕೂ ಅದೇ ಹಣ. ದಾನಿ ಒಂದು ದಿನ ಇಲ್ಲವಾಗುತ್ತಾನೆ, ಊರು ಇರುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಎಲ್ಲರೂ ಈ ದಾನವನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ. 1892ರಲ್ಲಿ ಹೋಮ್‌ಸ್ಟೆಡ್‌ನ ಉಕ್ಕಿನ ಕಾರ್ಖಾನೆಯಲ್ಲಿ ನಡೆದ ಮುಷ್ಕರದಲ್ಲಿ ರಕ್ತ ಹರಿದಿತ್ತು. ಆ ಕಾರ್ಖಾನೆ ಕಾರ್ನೆಗಿಯವರದೇ. ಆರು ವರ್ಷಗಳ ನಂತರ ಅಲ್ಲಿ ಅವರ ಹೆಸರಿನ ಗ್ರಂಥಾಲಯ ತೆರೆದಾಗ, ದಿನಕ್ಕೆ ಹನ್ನೆರಡು ತಾಸು ಕುಲುಮೆಯ ಮುಂದೆ ಬೇಯುವವನಿಗೆ ಓದಲು ಹೊತ್ತೆಲ್ಲಿದೆ ಎಂಬ ಪ್ರಶ್ನೆ ಉಳಿದೇ ಇತ್ತು. ಕೆಲವು ಊರುಗಳು ಕಾರ್ನೆಗಿಯವರ ಹಣವೇ ಬೇಡವೆಂದವು.

ಹಿಮಗಾಡಿಯಲ್ಲಿ ಹೋದ ಪೆಟ್ಟಿಗೆಗಳು

ಊರಿಗೆ ತೆರಿಗೆ ಎತ್ತುವ ಶಕ್ತಿ ಇದ್ದರೆ ಕಟ್ಟಡ ಬರುತ್ತದೆ. ಹತ್ತಾರು ಮನೆಗಳ ಹಳ್ಳಿಗೆ, ಕಾಡಿನ ಅಂಚಿನ ಮರ ಕಡಿಯುವವರ ಬಿಡಾರಕ್ಕೆ ಏನು ಬರಬೇಕು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ಪೆಟ್ಟಿಗೆ. 1893ರಲ್ಲಿ ನ್ಯೂಯಾರ್ಕ್ ರಾಜ್ಯ ನೂರು ಪುಸ್ತಕಗಳ ಕಟ್ಟುಗಳನ್ನು ಹಳ್ಳಿಗಳಿಗೆ ಕಳಿಸತೊಡಗಿತು. ವಿಸ್ಕಾನ್ಸಿನ್‌ನಲ್ಲಿ ಈ ಕೆಲಸಕ್ಕೆ ಟೊಂಕ ಕಟ್ಟಿದವರು ಲೂಟಿ ಸ್ಟರ್ನ್ಸ್ ಎಂಬ ಗ್ರಂಥಪಾಲಕಿ. ಮಾತನಾಡುವಾಗ ತೊದಲುತ್ತಿದ್ದ ಈಕೆ ಊರೂರಿಗೆ ಹೋಗಿ ಪುಸ್ತಕದ ಪರವಾಗಿ ಭಾಷಣ ಮಾಡಿದರು. ಚಳಿಗಾಲದಲ್ಲಿ ತುಪ್ಪಳದ ಕೋಟು ತೊಟ್ಟು, ಹಿಮಗಾಡಿಯಲ್ಲಿ ಕುಳಿತು ಹಳ್ಳಿಗಳನ್ನು ತಲುಪಿದರು.

1896ರಲ್ಲಿ ಡನ್ ಎಂಬ ಜಿಲ್ಲೆಯಲ್ಲಿ ಮರದ ವ್ಯಾಪಾರಿಯೂ ರಾಜ್ಯದ ಸೆನೆಟರೂ ಆಗಿದ್ದ ಜೇಮ್ಸ್ ಸ್ಟೌಟ್ ಸಂಚಾರಿ ಪೆಟ್ಟಿಗೆಗಳಿಗೆ ಹಣ ಕೊಟ್ಟರು. ಪೆಟ್ಟಿಗೆ ಅಂಚೆ ಕಚೇರಿಯಲ್ಲೋ, ಅಂಗಡಿಯಲ್ಲೋ, ರೈತನ ಮನೆಯ ಜಗಲಿಯಲ್ಲೋ ಕೂರುತ್ತಿತ್ತು. ಒಂದು ಹಳ್ಳಿ ಓದಿ ಮುಗಿಸಿದ ಪೆಟ್ಟಿಗೆ ಮುಂದಿನ ಹಳ್ಳಿಗೆ ಹೋಗುತ್ತಿತ್ತು, ಅಲ್ಲಿಗೆ ಹೊಸದೊಂದು ಬರುತ್ತಿತ್ತು. 1914ರಲ್ಲಿ ಸ್ಟರ್ನ್ಸ್ ಕೆಲಸ ಬಿಡುವ ಹೊತ್ತಿಗೆ ರಾಜ್ಯದಲ್ಲಿ ಸುಮಾರು 1,400 ಕಡೆಗಳಲ್ಲಿ ಇಂಥ ಪುಟ್ಟ ಗ್ರಂಥಾಲಯಗಳಾಗಿದ್ದವು. ಒಂದು ಶತಮಾನದ ಬಳಿಕ ಅದೇ ರಾಜ್ಯದಲ್ಲಿ ಹೊಸ ಪೆಟ್ಟಿಗೆ ಹುಟ್ಟಿತು. ಅದನ್ನು ಹುಟ್ಟುಹಾಕಿದವರು ಸ್ಟರ್ನ್ಸ್ ಅವರ ಹೆಸರನ್ನು ಗೌರವದಿಂದ ನೆನೆದರು.

ಸಂಚಾರಿ ಪೆಟ್ಟಿಗೆ ಭಾರತಕ್ಕೂ ಬಂದಿತ್ತು. ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ ಅಮೆರಿಕದ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದವರು. ಅವರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲಕರನ್ನೇ ಕರೆಸಿಕೊಂಡರು. ಸಂಸ್ಥಾನದ ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳು ಹೊರಟವು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಮುತ್ತ ಎತ್ತಿನ ಗಾಡಿಯೇ ಗ್ರಂಥಾಲಯವಾಗಿ ಓಡಿತು. ಅದೇ ವರ್ಷ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಆ ಕಾಲದ ಈ ಚಳವಳಿಯ ಮುಂದಾಳು. ದಾನಿಯ ಮರ್ಜಿಯ ಮೇಲೆ ಗ್ರಂಥಾಲಯ ನಿಲ್ಲಬಾರದು, ಅದಕ್ಕೆ ಕಾನೂನಿನ ಆಸರೆ ಬೇಕು ಎಂದು ಅವರು ಜೀವನವಿಡೀ ಹೋರಾಡಿದರು. ರಾಜ್ಯಗಳಿಗಾಗಿ ಮಾದರಿ ಕಾಯ್ದೆಯ ಕರಡು ಬರೆದರು. ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ಅವರು ತೀರಿಕೊಂಡದ್ದು ಬೆಂಗಳೂರಿನಲ್ಲಿ.

ಅಂದಿನ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಎತ್ತುವ ಏರ್ಪಾಡು ಬಂದದ್ದು ಆ ಕಾಯ್ದೆಯಿಂದಲೇ. ಕರ್ನಾಟಕದಲ್ಲಿ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಬಡಾವಣೆಯ ಗ್ರಂಥಾಲಯದ ಗಡಿಗೆಗೆ ಒಂದು ತಂಬಿಗೆ ನೀರು ಹಾಕುವವರೇ.

ದೂರವಾಣಿ ಗೂಡಿನೊಳಗೆ

ಕಾವಲಿಲ್ಲದ ಕಪಾಟಿನ ಕಲ್ಪನೆ ಯುರೋಪಿನಲ್ಲಿ ಹಡ್ಸನ್‌ಗಿಂತ ಮೊದಲೇ ಮೊಳೆತಿತ್ತು. ಕ್ಲೆಗ್ ಮತ್ತು ಗುಟ್‌ಮನ್ ಎಂಬ ಜೋಡಿ ಕಲಾವಿದರು 1991ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ, 1993ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಮೂರು ಬಡಾವಣೆಗಳಲ್ಲಿ ಬಯಲಿನಲ್ಲೇ ಪುಸ್ತಕದ ಕಪಾಟುಗಳನ್ನಿಟ್ಟರು. ಹ್ಯಾಂಬರ್ಗಿನಲ್ಲಿ ರಸ್ತೆ ಬದಿಯ ವಿದ್ಯುತ್ ಪೆಟ್ಟಿಗೆಗಳೇ ಕಪಾಟುಗಳಾದವು. ಗ್ರಂಥಪಾಲಕರಿಲ್ಲ, ಕಾವಲುಗಾರನಿಲ್ಲ. ಜನ ಏನು ಮಾಡುತ್ತಾರೆ ನೋಡೋಣ ಎಂಬ ಕಲಾಪ್ರಯೋಗವಾಗಿ ಹೊರಟದ್ದು ನಂತರದ ವರ್ಷಗಳಲ್ಲಿ ಜರ್ಮನಿಯ ಊರೂರಿನ ರೂಢಿಯಾಯಿತು.

ಇಂಗ್ಲೆಂಡಿನ ಕಥೆ ಬೇರೆ. ಮೊಬೈಲ್ ಫೋನು ಬಂದ ಮೇಲೆ ಅಲ್ಲಿನ ಕೆಂಪು ದೂರವಾಣಿ ಗೂಡುಗಳಿಗೆ ಕೆಲಸವಿಲ್ಲವಾಯಿತು. ಬ್ರಿಟಿಷ್ ಟೆಲಿಕಾಂ ಸಂಸ್ಥೆ 2008ರಿಂದ ಅವನ್ನು ಒಂದೊಂದು ಪೌಂಡಿಗೆ ಊರಿನವರಿಗೇ ಬಿಟ್ಟುಕೊಡತೊಡಗಿತು. ಸಾಮರ್ಸೆಟ್ ಪ್ರಾಂತದ ವೆಸ್ಟ್‌ಬರಿ-ಸಬ್-ಮೆಂಡಿಪ್ ಎಂಬ ಹಳ್ಳಿ 2009ರಲ್ಲಿ ತನ್ನ ಗೂಡನ್ನು ಕೊಂಡು, ಒಳಗೆ ಹಲಗೆ ಹೊಡೆದು ಸುಮಾರು ನೂರು ಪುಸ್ತಕ ಜೋಡಿಸಿತು. ಇದನ್ನು ಓದುವವರು ಖುಷಿಪಡುವ ಮೊದಲು ಇನ್ನೊಂದು ಸಂಗತಿ ತಿಳಿಯಬೇಕು. ಆ ಹಳ್ಳಿಗೆ ಬರುತ್ತಿದ್ದ ಸಂಚಾರಿ ಗ್ರಂಥಾಲಯದ ವಾಹನ ಆಗಷ್ಟೇ ನಿಂತುಹೋಗಿತ್ತು. ಸರ್ಕಾರ ಕೈಬಿಟ್ಟಲ್ಲಿ ನೆರೆಹೊರೆ ಕೈಹಾಕಿತು.

ಯಾರ ಬೀದಿಯಲ್ಲಿ ಪೆಟ್ಟಿಗೆ?

ಅಮೆರಿಕದ ಪೆಟ್ಟಿಗೆಗಳು 2012ರಲ್ಲೇ ಕಾರ್ನೆಗಿಯವರ ಸಂಖ್ಯೆಯನ್ನು ದಾಟಿದವು. ಆಮೇಲೆ ತಕರಾರುಗಳೂ ಬಂದವು. 2014ರಲ್ಲಿ ಕ್ಯಾನ್ಸಸ್ ರಾಜ್ಯದ ಲೀವುಡ್ ನಗರದಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನ ಮನೆಯ ಮುಂದಿದ್ದ ಪೆಟ್ಟಿಗೆಯನ್ನು ತೆಗೆಯುವಂತೆ ನಗರಾಡಳಿತ ನೋಟಿಸು ಕೊಟ್ಟಿತು. ಮನೆಯಂಗಳದಲ್ಲಿ ಬಿಡಿ ಕಟ್ಟಡ ಇರಕೂಡದೆಂಬುದು ಅಲ್ಲಿನ ನಿಯಮ. ಪುಸ್ತಕದ ಪೆಟ್ಟಿಗೆಯೂ ಕಟ್ಟಡದ ಲೆಕ್ಕಕ್ಕೇ ಬಂತು! ಹುಡುಗ ನಗರಸಭೆಯ ಮುಂದೆ ಹೋಗಿ ಮನವಿ ಮಾಡಿಕೊಂಡ. ಆ ವರ್ಷದ ಜುಲೈನಲ್ಲಿ ಸಭೆ ಪೆಟ್ಟಿಗೆಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬಂದದ್ದು ಗ್ರಂಥಪಾಲಕರಿಂದಲೇ. ಕೆನಡಾದ ಜೇನ್ ಶ್ಮಿಟ್ ಮತ್ತು ಜೋರ್ಡನ್ ಹೇಲ್ 2017ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಟೊರಾಂಟೊ ಮತ್ತು ಕ್ಯಾಲ್ಗರಿ ನಗರಗಳ ಪೆಟ್ಟಿಗೆಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದ್ದರು. ಪೆಟ್ಟಿಗೆಗಳು ಹೆಚ್ಚಾಗಿ ಇದ್ದದ್ದು ಅನುಕೂಲಸ್ಥರ ಬೀದಿಗಳಲ್ಲಿ, ಸಾರ್ವಜನಿಕ ಗ್ರಂಥಾಲಯ ಈಗಾಗಲೇ ಹತ್ತಿರದಲ್ಲಿರುವ ಕಡೆಗಳಲ್ಲಿ. ಪುಸ್ತಕದ ಬರ ಇರುವಲ್ಲಿ ಪೆಟ್ಟಿಗೆಯೂ ಇರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಮುಂದಿನ ಅಂಗಳ ಇರುವವರು ತಾನೇ ಅಂಗಳದಲ್ಲಿ ಪೆಟ್ಟಿಗೆ ಇಡಬಲ್ಲರು? ಮನೆಯಲ್ಲಿ ಪುಸ್ತಕ ಮಿಕ್ಕವರು ತಾನೇ ಕೊಡಬಲ್ಲರು? ಲಿಟ್ಲ್ ಫ್ರೀ ಲೈಬ್ರರಿ ಸಂಸ್ಥೆಗೂ ಈ ಕೊರತೆಯ ಅರಿವಿದೆ. ಪುಸ್ತಕ ಸಿಗದ ಪ್ರದೇಶಗಳಿಗೆ ಪೆಟ್ಟಿಗೆಗಳನ್ನು ಪುಕ್ಕಟೆಯಾಗಿ ಕೊಡುವ ಯೋಜನೆಯನ್ನು ಅದು ನಡೆಸುತ್ತಿದೆ.

ಹಾಗೆಂದು ಪೆಟ್ಟಿಗೆಯನ್ನು ಹಗುರವಾಗಿ ಕಾಣುವಂತಿಲ್ಲ. 2020ರಲ್ಲಿ ಕೋವಿಡ್ ಪಿಡುಗು ಹರಡಿ ದೊಡ್ಡ ಗ್ರಂಥಾಲಯಗಳು ಬಾಗಿಲು ಹಾಕಿದಾಗ ಬೀದಿಯ ಪೆಟ್ಟಿಗೆ ತೆರೆದೇ ಇತ್ತು. ಅಮೆರಿಕದ ಅನೇಕ ಕಡೆ ಜನ ಅದರಲ್ಲಿ ಪುಸ್ತಕದ ಜೊತೆಗೆ ಡಬ್ಬಿಯ ಆಹಾರ, ದಿನಬಳಕೆಯ ಸಾಮಾನುಗಳನ್ನೂ ಇಟ್ಟು ಹೋದರು. ಅದೇ ವರ್ಷ ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ಒಂದು ಲಕ್ಷದ ಪೆಟ್ಟಿಗೆ ನಿಂತಿತು. ಬೋಲ್ ಅದನ್ನು ನೋಡಲಿಲ್ಲ. 2018ರ ಅಕ್ಟೋಬರಿನಲ್ಲಿ, 62ನೆಯ ವಯಸ್ಸಿನಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ಆಂಡರ್ಸನ್ ಅವರ ಶನಿವಾರಗಳು ಒಬ್ಬ ಮನುಷ್ಯನ ಒಳ್ಳೆಯತನದ ಮೇಲೆ ನಿಂತಿದ್ದವು. ಅದಕ್ಕೇ ಆ ಸಂಗ್ರಹಕ್ಕೆ ಎರಡು ಡಾಲರಿನ ನಿಯಮ ಬಂದಾಗ ಒಬ್ಬ ಹುಡುಗ ಪತ್ರಿಕೆಗೆ ಬರೆಯಬೇಕಾಯಿತು. ಕಾರ್ನೆಗಿ ಊರಿನಿಂದ ಕರಾರು ಬರೆಸಿಕೊಂಡದ್ದೂ, ರಂಗನಾಥನ್ ಕಾಯ್ದೆ ಕೇಳಿದ್ದೂ ಆ ದೌರ್ಬಲ್ಯವನ್ನು ಬಲ್ಲವರಾಗಿಯೇ. ಬೀದಿಯ ಪೆಟ್ಟಿಗೆ ಮತ್ತೆ ಒಳ್ಳೆಯತನಕ್ಕೇ ಮರಳಿದೆ. ಅದನ್ನಿಟ್ಟ ಮನೆಯವರು ಮಳೆಯ ನೀರು ಒಳಗಿಳಿಯದಂತೆ ನೋಡಿಕೊಳ್ಳಬೇಕು, ಹರಿದ ಪುಸ್ತಕ ತೆಗೆಯಬೇಕು, ಬರಿದಾದಾಗ ತುಂಬಬೇಕು. ಅವರು ಮನೆ ಬದಲಾಯಿಸಿದರೆ ಪೆಟ್ಟಿಗೆಯ ಗತಿ ಅನಿಶ್ಚಿತ. ಊರಿನ ಗ್ರಂಥಾಲಯಕ್ಕೆ ಆ ಭಯ ಇರಬೇಕಾಗಿಲ್ಲ; ಅದನ್ನು ನೋಡಿಕೊಳ್ಳುವ ಹೊಣೆ ಎಲ್ಲರದೂ ಎಂದು ಕಾನೂನೇ ಹೇಳುತ್ತದೆ. ಪೆಟ್ಟಿಗೆಯ ಬಾಗಿಲು ತೆರೆದು ಪುಸ್ತಕ ಆರಿಸಿಕೊಳ್ಳುವವರು, ಹತ್ತಿರದ ಗ್ರಂಥಾಲಯದ ಬಾಗಿಲು ತೆರೆದಿದೆಯೇ ಎಂದೂ ಆಗಾಗ ಹೋಗಿ ನೋಡುವುದು ಒಳ್ಳೆಯದು.