ಕೈತಪ್ಪಿ ಮರಳಿದ ವಿಕಿರಣ ಆಕರಗಳು: ವಶದ ನಿಯಮಗಳು ಬೆಳೆದ ಬಗೆ

ರಸ್ತೆ ಕಾಮಗಾರಿಯಲ್ಲಿ ಮಣ್ಣಿನ ಸಾಂದ್ರತೆಯನ್ನೂ ತೇವಾಂಶವನ್ನೂ ಸ್ಥಳದಲ್ಲೇ ಅಳೆಯುವ ಮಾಪಕ, ಕೊಳವೆಯ ಬೆಸುಗೆಯಲ್ಲಡಗಿದ ಬಿರುಕನ್ನು ಫಿಲ್ಮಿನ ಮೇಲೆ ತೋರಿಸುವ ಇರಿಡಿಯಂ-192 ಕ್ಯಾಮರಾ, ತೈಲಬಾವಿಯೊಳಕ್ಕೆ ಇಳಿಬಿಡುವ ನ್ಯೂಟ್ರಾನ್ ಸಲಾಕೆ, ಇವೆಲ್ಲ ಮೊಹರು ಮಾಡಿದ ಆಕರವನ್ನು, ಅಂದರೆ ಲೋಹದ ಗುಳಿಗೆಯೊಳಗೆ ಬೆಸೆದು ಮುಚ್ಚಿದ ವಿಕಿರಣಶೀಲ ವಸ್ತುವನ್ನು ಹೊತ್ತು ಊರೂರು ಅಲೆಯುವ ಸಾಧನಗಳು. ಇವುಗಳ ಸುರಕ್ಷತೆಯ ವಿಚಾರ ಬಹುಕಾಲ ಕವಚದ ದಪ್ಪದ ಸುತ್ತಲೇ ಸುತ್ತಿತು. ಸಾಧನ ಈ ಹೊತ್ತು ಯಾರ ವಶದಲ್ಲಿದೆ ಎಂಬ ಪ್ರಶ್ನೆಗೆ ಮಹತ್ವ ಬಂದದ್ದು ಅವಘಡಗಳ ನಂತರ.

1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ, ತೊರೆದುಹೋದ ಚಿಕಿತ್ಸಾಲಯದಿಂದ ಹೊರಬಿದ್ದ ಸೀಸಿಯಂ-137 ನಾಲ್ವರ ಜೀವ ತೆಗೆದು 249 ಜನರಿಗೆ ಸೋಂಕಿದಾಗ, ಯಾರ ಹತೋಟಿಯಲ್ಲೂ ಇಲ್ಲದ 'ಅನಾಥ ಆಕರ'ದ ಅಪಾಯ ಜಗತ್ತಿಗೆ ಮನವರಿಕೆಯಾಯಿತು. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2003ರಲ್ಲಿ ನೀತಿಸಂಹಿತೆಯನ್ನು ಅಂಗೀಕರಿಸಿತು; ಅಪಾಯದ ಮಟ್ಟಕ್ಕೆ ತಕ್ಕಂತೆ ಆಕರಗಳನ್ನು ಐದು ವರ್ಗಗಳಾಗಿ ವಿಂಗಡಿಸುವ ಕ್ರಮವೂ ನೆಲೆಗೊಂಡಿತು. ಕ್ಯಾಮರಾ ಎರಡನೆಯ ವರ್ಗಕ್ಕೂ ಮಣ್ಣಿನ ಮಾಪಕ ನಾಲ್ಕನೆಯದಕ್ಕೂ ಸೇರುತ್ತವೆ. ಆದರೆ ಪದೇ ಪದೇ ಕಳವಾಗುವುದು ಕೆಳವರ್ಗದ ಈ ಮಾಪಕವೇ. ನಿಲ್ಲಿಸಿದ ವಾಹನದಿಂದ ಅದನ್ನು ಎತ್ತಿಕೊಂಡು ಹೋಗುವವನಿಗೆ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಬಹುಮಟ್ಟಿಗೆ ಗೊತ್ತೇ ಇರುವುದಿಲ್ಲ. ಮೇಲ್ವಿಚಾರಣೆಯಿಲ್ಲದೆ ಬಿಡುವ ಮಾಪಕಕ್ಕೆ ಒಂದನ್ನೊಂದು ಅವಲಂಬಿಸದ ಎರಡು ಭೌತಿಕ ತಡೆಗಳಿರಬೇಕೆಂದು ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2005ರಲ್ಲಿ ಕಡ್ಡಾಯಗೊಳಿಸಿದ್ದರ ಹಿನ್ನೆಲೆ ಇದು.

ಭಾರತದಲ್ಲಿ 2004ರ ವಿಕಿರಣ ಸಂರಕ್ಷಣಾ ನಿಯಮಗಳು, ಆಕರ ಕಳೆದರೆ 24 ಗಂಟೆಯೊಳಗೆ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸುವ ಹೊಣೆಯನ್ನು ಪರವಾನಗಿದಾರನ ಮೇಲೆ ಹೊರಿಸಿದವು. ಹೀಗಿದ್ದೂ 2010ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-60 ಯಂತ್ರವೊಂದು ಹರಾಜಿನ ಮೂಲಕ ಮಾಯಾಪುರಿಯ ಗುಜರಿಗೆ ಸೇರಿ ಒಬ್ಬರ ಸಾವಿಗೆ ಕಾರಣವಾಯಿತು. ಅದು ಸುಲಭವಾಗಿ ಒಯ್ಯಬಲ್ಲ ಸಾಧನವಲ್ಲ, ಯಾರೂ ಕದ್ದದ್ದೂ ಅಲ್ಲ. ಕಳೆದಿದೆ ಎಂದು ಯಾರಿಗೂ ಅನ್ನಿಸದಿದ್ದಾಗ 24 ಗಂಟೆಗಳ ಲೆಕ್ಕ ಆರಂಭವಾಗುವುದೇ ಇಲ್ಲ.

ಇದೇ ಕೊರತೆ 2023ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಎದ್ದುಕಂಡಿತು. ಜನವರಿ 12ರಂದು ರಿಯೊ ಟಿಂಟೊ ಕಂಪನಿಯ ಗುಡಾಯ್-ಡರಿ ಕಬ್ಬಿಣದ ಗಣಿಯಿಂದ ಲಾರಿಯಲ್ಲಿ ಹೊರಟ ಸಾಂದ್ರತಾ ಮಾಪಕ 16ರಂದು ಪರ್ತ್ ತಲುಪಿತಾದರೂ, ಪೆಟ್ಟಿಗೆ ತೆರೆದದ್ದು 25ರಂದು. ಮಾಪಕ ಕಳಚಿಹೋಗಿತ್ತು, ನಾಲ್ಕು ಬೋಲ್ಟುಗಳಲ್ಲಿ ಒಂದು ಇರಲಿಲ್ಲ, 8 ಮಿ.ಮೀ. ಎತ್ತರ, 6 ಮಿ.ಮೀ. ವ್ಯಾಸದ ಸೀಸಿಯಂ ಗುಳಿಗೆಯೂ ನಾಪತ್ತೆ. ಅದರ ಚಟುವಟಿಕೆ 19 ಗಿಗಾಬೆಕೆರೆಲ್, ಅಂದರೆ ಸೆಕೆಂಡಿಗೆ 1,900 ಕೋಟಿ ಪರಮಾಣುಗಳ ಕ್ಷಯ. ಹುಡುಕಬೇಕಾದ ದಾರಿ 1,400 ಕಿ.ಮೀ. ಅಷ್ಟು ಚಿಕ್ಕದನ್ನು ಕಣ್ಣಿಂದ ಹುಡುಕುವುದು ವ್ಯರ್ಥವೇ; ಆದರೆ ಯಾವ ಗಾಮಾ ಕಿರಣಗಳಿಂದ ಅಪಾಯವೋ ಅವೇ ಅದರ ಸುಳಿವನ್ನೂ ಕೊಟ್ಟವು. ಫೆಬ್ರವರಿ 1ರಂದು, ಗಂಟೆಗೆ 70 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದ ವಾಹನದ ಪತ್ತೆಯಂತ್ರ ನ್ಯೂಮನ್‌ನ ದಕ್ಷಿಣಕ್ಕೆ ಅದನ್ನು ಗುರುತಿಸಿತು. ಗುಳಿಗೆ ಹೆದ್ದಾರಿಯಿಂದ ಸುಮಾರು ಎರಡು ಮೀಟರ್ ದೂರದಲ್ಲಿ ಬಿದ್ದಿತ್ತು. ಇಂಥ ಆಕರದ ನಿರ್ವಹಣೆಯಲ್ಲಿ ತಪ್ಪಿದವರಿಗೆ ಆ ರಾಜ್ಯದ 1975ರ ಕಾಯ್ದೆ ಆಗ ಗೊತ್ತುಮಾಡಿದ್ದ ಗರಿಷ್ಠ ದಂಡ 1,000 ಡಾಲರ್, ತಪ್ಪು ಮುಂದುವರಿದರೆ ದಿನಕ್ಕೆ ಇನ್ನೂ 50.