ಕನ್ನಡ ಕಡತ ತೆರೆದರೆ ಪೌಂಡ್ ಚಿಹ್ನೆ ಕಾಣೋದು ಯಾಕೆ? ಸರಿಪಡಿಸೋದು ಹೇಗೆ?

ಇಲಾಖೆಯೊಂದರಿಂದ ಬಂದ ವರ್ಡ್ ಕಡತ ತೆರೆಯುತ್ತೀರಿ. ಸುತ್ತೋಲೆ ಇರಬೇಕಾದ ಜಾಗದಲ್ಲಿ ತಲೆಯ ಮೇಲೆ ಗೆರೆ ಎಳೆದುಕೊಂಡ ಇಂಗ್ಲಿಷ್ 'ಎ'ಗಳ ಸಾಲು, ನಡುನಡುವೆ ಪೌಂಡ್ ಚಿಹ್ನೆ, ಜರ್ಮನ್ ಪುಸ್ತಕದಿಂದ ತಪ್ಪಿಸಿಕೊಂಡು ಬಂದಂಥ ಒಂದೆರಡು ಅಕ್ಷರ. ಕಳಿಸಿದವರಿಗೆ ಫೋನ್ ಮಾಡಿದರೆ ಉತ್ತರ ಸಿದ್ಧ: "ನಮ್ಮಲ್ಲಿ ಸರಿಯಾಗೇ ಕಾಣ್ತಿದೆಯಲ್ಲ ಸರ್, ನುಡಿ ಫಾಂಟ್ ಹಾಕ್ಕೊಳ್ಳಿ."

ಅವರು ಹೇಳಿದ್ದು ಸುಳ್ಳಲ್ಲ. ಫಾಂಟ್ ಹಾಕಿಕೊಂಡರೆ ಕನ್ನಡ ಕಾಣುತ್ತೆ. ಆದರೆ ಆ ಕಡತದ ಒಳಗೆ ಕನ್ನಡ ಇಲ್ಲ. ಇರೋದು ಇಂಗ್ಲಿಷ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸಿತ್ತು, ಅಷ್ಟೆ. ನಿಮ್ಮ ಕಂಪ್ಯೂಟರಿನಲ್ಲಿ ಆ ವೇಷ ಇಲ್ಲದ್ದರಿಂದ ಅಸಲಿ ಮುಖ ಕಂಡಿದೆ.

ಇದು ಹೇಗೆ ಬಂತು? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಅಮೆರಿಕದವರು 1963ರಲ್ಲಿ ಮಾಡಿಕೊಂಡ ಆಸ್ಕಿ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಆಮೇಲೆ ಯುರೋಪಿನ ಭಾಷೆಗಳಿಗಾಗಿ ಅದನ್ನು 256ಕ್ಕೆ ಹಿಗ್ಗಿಸಿದರು. ಎಂಜಿನಿಯರಿಂಗ್ ಓದುವಾಗ ನಮಗೆ ಆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದರು. ಕನ್ನಡ ಅದರಲ್ಲಿ ಎಲ್ಲಿ ಕೂರುತ್ತೆ ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಉತ್ತರ: ಎಲ್ಲೂ ಇಲ್ಲ. ಹಾಗಾಗಿ ಡಿಟಿಪಿ ಕಾಲದ ತಂತ್ರಜ್ಞರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಹಾಗೇ ಇಟ್ಟು, ಅದರ ಚಿತ್ರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದರು. ಶ್ರೀಲಿಪಿ, ಆಕೃತಿ, ಪ್ರಕಾಶಕ್, 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಎಲ್ಲರದ್ದೂ ಇದೇ ದಾರಿ. ಬೇರೆ ದಾರಿ ಆಗ ಇರಲಿಲ್ಲ. ಅವರಿಂದಾಗಿಯೇ ಸರ್ಕಾರಿ ಕಚೇರಿಗಳ ಪರದೆ ಮೇಲೆ ಕನ್ನಡ ಬಂತು ಅನ್ನೋದನ್ನು ಮರೆಯಬಾರದು.

ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದರೆ ಸಾವಿರಾರು ರೂಪಗಳಾಗುತ್ತವೆ. ಇರೋ ಜಾಗ ಇನ್ನೂರು ಚಿಲ್ಲರೆ. ಹಾಗಾಗಿ ಅಕ್ಷರಗಳನ್ನೇ ತುಂಡು ಮಾಡಬೇಕಾಯಿತು. ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಬರೆದರೆ ಕಡತದೊಳಗೆ ಕೂರೋದು ಇದು: ಇಂಗ್ಲಿಷ್ ದೊಡ್ಡ 'ಪಿ', ಗೆರೆ ಹೊತ್ತ 'ಎ', ಪೌಂಡ್ ಚಿಹ್ನೆ, ಮತ್ತೆ ಅದೇ 'ಎ', ಜರ್ಮನ್ನರ ಜೋಡಿ 'ಎಸ್', ಸಣ್ಣ 'ಕ್ಯೂ', ಮತ್ತೊಂದು 'ಎ'. 'ಪಿ' ಅಂದರೆ ಕಕಾರದ ದೇಹ, 'ಎ' ಅಂದರೆ ತಲೆಕಟ್ಟು, ಪೌಂಡ್ ಅಂದರೆ ನಕಾರದ ದೇಹ, ಜೋಡಿ 'ಎಸ್' ಅದರ ಒತ್ತು, 'ಕ್ಯೂ' ಡಕಾರದ ದೇಹ.

'ಮ' ಅಕ್ಷರದ ಪಾಡು ಇನ್ನೂ ಮಜಾ. ಅದಕ್ಕೆ ಸ್ವಂತ ಜಾಗವೇ ಇಲ್ಲ. ವಕಾರದ ದೇಹ, ತಲೆಕಟ್ಟು, ಕೊನೆಗೊಂದು ಬಾಲ ಸೇರಿಸಿ 'ಮ' ಮಾಡುತ್ತಾರೆ. 'ಯ' ಶುರುವಾಗೋದು ಸೊನ್ನೆಯಿಂದ, ಅಂದರೆ ಅನುಸ್ವಾರದಿಂದ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ನೋಡಿ, ಮಂಜುನಾಥರೂ ವನಜಾಕ್ಷಿಯವರೂ ಒಂದೇ ಗುಂಪಿಗೆ ಬೀಳುತ್ತಾರೆ. ವರ್ಡ್‌ನಲ್ಲಿ ಆಟೊಕರೆಕ್ಟ್ ಚಾಲೂ ಇದ್ದರೆ ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡಕ್ಷರ ಮಾಡುತ್ತೆ. ಈ ಫಾಂಟಿನಲ್ಲಿ ಸಣ್ಣ 'ಝಡ್' ದಕಾರ, ದೊಡ್ಡ 'ಝಡ್' ಚಕಾರ. ಹೀಗಾಗಿ 'ದೇಶ' ಅಂತ ಶುರುವಾದ ಭಾಷಣ 'ಚೇಶ' ಆಗಿಬಿಡುವ ಅಪಾಯ ಇದೆ.

ಈ ಫಾಂಟ್‌ಗಳನ್ನು ನಾವೆಲ್ಲ 'ಆಸ್ಕಿ' ಅಂತೀವಿ. ಹೆಸರು ತಪ್ಪು, ಯಾಕೆಂದರೆ ಇವು ಬಳಸುವ ಅರ್ಧಕ್ಕರ್ಧ ಸಂಖ್ಯೆಗಳು ಆಸ್ಕಿಯ 128ರ ಆಚೆಯವು. ಆದರೂ ಹೆಸರು ನಿಂತುಬಿಟ್ಟಿದೆ, ಹಾಗೇ ಕರೆಯೋಣ.

ಇದಕ್ಕೆ ಪರಿಹಾರ ಯುನಿಕೋಡ್. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ವಠಾರ ಇದೆ, 3200ರಿಂದ 3327ರವರೆಗೆ. ಕಕಾರದ ಸಂಖ್ಯೆ 3221. ಅದು ಬೆಂಗಳೂರಿನಲ್ಲೂ 3221, ಬೋಸ್ಟನ್‌ನಲ್ಲೂ 3221. ಫಾಂಟ್ ಯಾವುದೇ ಇರಲಿ, ಅಕ್ಷರ ಅದೇ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಕನ್ನಡ ಯುನಿಕೋಡ್ ಫಾಂಟನ್ನು ಜೊತೆಗೇ ತಂದಿತ್ತು. ಅಂದರೆ ತಾಂತ್ರಿಕವಾಗಿ ಇದು ಹಳೇ ಸಮಸ್ಯೆ, ಮುಗಿದ ಸಮಸ್ಯೆ. ಆದರೂ ಕಡತಗಳು ಬರುತ್ತಲೇ ಇವೆ.

ಮೊದಲು ರೋಗ ಯಾವುದು ನೋಡಿ

ಕನ್ನಡ ಕೆಟ್ಟು ಕಾಣೋದೆಲ್ಲ ಒಂದೇ ಕಾಯಿಲೆ ಅಲ್ಲ. ಗೆರೆ ಹೊತ್ತ 'ಎ', ಪೌಂಡ್ ಚಿಹ್ನೆ ಕಂಡರೆ ಅದು ಆಸ್ಕಿ ಫಾಂಟಿನ ಪಠ್ಯ. ಖಾಲಿ ಚೌಕಗಳು ಕಂಡರೆ ಗಾಬರಿ ಬೇಡ. ಒಳಗೆ ಸರಿಯಾದ ಯುನಿಕೋಡ್ ಕನ್ನಡವೇ ಇದೆ, ತೋರಿಸಲು ಫಾಂಟ್ ಇಲ್ಲ. ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡ ಹಾಕಿದರೆ ಮುಗೀತು.

ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಮಾತ್ರ ಸಾಮಾನ್ಯವಾಗಿ ಕೆಟ್ಟ ಸುದ್ದಿ. ಯಾರೋ ಕಡತವನ್ನು ಹಳೇ ಸಂಕೇತದಲ್ಲಿ ಉಳಿಸಿದ್ದಾರೆ, ಜಾಗ ಸಿಗದ ಪ್ರತಿ ಅಕ್ಷರವೂ ಪ್ರಶ್ನೆಯಾಗಿ ಬದಲಾಗಿದೆ. ಅಂಥ ಕಡತದಿಂದ ಏನೂ ವಾಪಸ್ ಬರಲ್ಲ, ಮೂಲ ಪ್ರತಿಯನ್ನೇ ಕೇಳಬೇಕು.

ದತ್ತಾಂಶದ ಜೊತೆ ಗುದ್ದಾಡುವವರಿಗೆ ಗೊತ್ತಿರಬೇಕಾದ ಇನ್ನೊಂದು ಬಗೆ ಇದೆ. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಗೆರೆ ಹೊತ್ತ ಸಣ್ಣ 'ಎ', ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3, ಇದೇ ಜೋಡಿ ಮತ್ತೆ ಮತ್ತೆ ಕಾಣುತ್ತೆ. ಇದು ಆಸ್ಕಿ ಫಾಂಟ್ ಅಲ್ಲ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಅಕ್ಷರ ಮೂರು ಬೈಟ್ ತಗೊಳ್ಳುತ್ತೆ. ಎಕ್ಸೆಲ್ ಅವನ್ನು ಮೂರು ಬೇರೆ ಬೇರೆ ಯುರೋಪಿಯನ್ ಅಕ್ಷರ ಅಂದುಕೊಂಡಿದೆ. ಡಬಲ್ ಕ್ಲಿಕ್ ಬಿಟ್ಟು, ಡೇಟಾ ಮೆನುವಿನಲ್ಲಿ ಪಠ್ಯ ಕಡತದಿಂದ ತರುವ ಆಯ್ಕೆಗೆ ಹೋಗಿ, ಸಂಕೇತದ ಜಾಗದಲ್ಲಿ 65001 ಅಂತ ಇರುವ ಯುಟಿಎಫ್-8 ಆರಿಸಿ. ಎಲ್ಲ ಸರಿಹೋಗುತ್ತೆ. ಕೆಟ್ಟು ಕಂಡ ಕಡತವನ್ನು ಹಾಗೇ ಸೇವ್ ಮಾಡಬೇಡಿ.

ಸಂಶಯ ಬಂದರೆ ಸುಲಭದ ಪರೀಕ್ಷೆ ಒಂದಿದೆ. ಕಡತದಲ್ಲಿ ಕಣ್ಣಿಗೆ ಕಾಣುವ ಒಂದು ಪದವನ್ನು ಫೋನಿನಿಂದಲೋ ಬೇರೆಡೆಯಿಂದಲೋ ಯುನಿಕೋಡ್‌ನಲ್ಲಿ ಬರೆದು ಫೈಂಡ್ ಪೆಟ್ಟಿಗೆಗೆ ಹಾಕಿ. ಸಿಕ್ಕರೆ ಅದು ಕನ್ನಡ. ಎದುರಿಗೇ ಇದ್ದೂ ಸಿಗದಿದ್ದರೆ ಆಸ್ಕಿ.

ಪರಿವರ್ತನೆ

ಆಸ್ಕಿ ಪಠ್ಯಕ್ಕೆ ಯುನಿಕೋಡ್ ಫಾಂಟ್ ಹಾಕಿದರೆ ಏನೂ ಆಗಲ್ಲ. ತುಂಬಾ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳೋದು. ಫಾಂಟ್ ಬದಲಿಸೋದು ವೇಷ ಬದಲಿಸಿದ ಹಾಗೆ, ಸಂಖ್ಯೆಗಳನ್ನೇ ಬದಲಿಸಬೇಕು. ಅದಕ್ಕೆ ಪರಿವರ್ತಕ ಬೇಕು. ನುಡಿ, ಬರಹ ಎರಡರಲ್ಲೂ ಅದು ಒಳಗೇ ಇದೆ. ಕನ್ನಡದ ತಂತ್ರಾಂಶ ಕಾರ್ಯಕರ್ತರು ಬರೆದು ಉಚಿತವಾಗಿ ಬಿಟ್ಟ ಆನ್‌ಲೈನ್ ಪರಿವರ್ತಕಗಳೂ ಇವೆ. ದೂರುದಾರರ ಹೆಸರು, ಸಂತ್ರಸ್ತರ ಹೇಳಿಕೆ ಇರುವ ಕಡತವನ್ನು ಯಾವುದೋ ಜಾಲತಾಣಕ್ಕೆ ಅಂಟಿಸುವ ಬದಲು ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಪರಿವರ್ತಕ ಬಳಸಿ. ಶ್ರೀಲಿಪಿ, ಆಕೃತಿ ಪಠ್ಯಕ್ಕೆ ನುಡಿಯ ಪರಿವರ್ತಕ ಹೊಂದಲ್ಲ, ತುಂಡುಗಳ ಜೋಡಣೆಯೇ ಬೇರೆ. ಮೊದಲು ಫಾಂಟಿನ ಹೆಸರು ನೋಡಿಕೊಳ್ಳಬೇಕು.

ಪರಿವರ್ತಕ ಮಾಡುವ ಕೆಲಸ ಬರೀ ಬದಲಿ ಹಾಕೋದಲ್ಲ, ಕ್ರಮವನ್ನೂ ತಿರುವು ಹಾಕಬೇಕು. 'ಸೂರ್ಯ' ಪದದಲ್ಲಿ ಅರ್ಕಾವತ್ತು ಆಸ್ಕಿಯಲ್ಲಿ ಕೊನೆಗೆ ಬರುತ್ತೆ, ಕೈಬರಹದ ಹಾಗೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು, ಉಚ್ಚಾರಣೆಯ ಹಾಗೆ. 'ಅಕ್ಕಿ'ಯಲ್ಲಿ ಮೊದಲು 'ಕಿ', ಆಮೇಲೆ ಒತ್ತು ಇರೋದನ್ನು ಬಿಚ್ಚಿ, ಗುಡಿಸನ್ನು ಕಡೆಗೆ ತಳ್ಳಬೇಕು. ಕಳಪೆ ಪರಿವರ್ತಕಗಳು ಎಡವೋದು ಇಲ್ಲೇ. ಹಾಗಾಗಿ ಪರಿವರ್ತನೆಯಾದ ಮೇಲೆ ಧರ್ಮ, ಕಾರ್ಯದರ್ಶಿ, ಸ್ವಾತಂತ್ರ್ಯದಂಥ ಪದಗಳನ್ನು ಕಣ್ಣಾರೆ ನೋಡಿ.

ಇಂಗ್ಲಿಷ್ ಬೆರೆತಿದ್ದರೆ ಇನ್ನೊಂದು ಪೀಕಲಾಟ. ಒಳಗಿರೋದೆಲ್ಲ ಇಂಗ್ಲಿಷ್ ಅಕ್ಷರವೇ ಆದ್ದರಿಂದ ಪರಿವರ್ತಕಕ್ಕೆ ಅಸಲಿ ಇಂಗ್ಲಿಷ್ ಯಾವುದು, ವೇಷ ಹಾಕಿದ ಕನ್ನಡ ಯಾವುದು ಗೊತ್ತಾಗಲ್ಲ. ಇಂಗ್ಲಿಷಿನಲ್ಲಿ ಬರೆದ ಜಿಡಿಪಿ 'ಉಆಕ್' ಆಗಿ ಹೊರಬರುತ್ತೆ. ವರ್ಡ್‌ನ ಸೆಲೆಕ್ಟ್ ಮೆನುವಿನಲ್ಲಿ ಒಂದೇ ಬಗೆಯ ವಿನ್ಯಾಸದ ಪಠ್ಯವನ್ನಷ್ಟೇ ಆರಿಸುವ ಸೌಲಭ್ಯ ಇದೆ. ನುಡಿ ಫಾಂಟಿನ ಭಾಗವನ್ನು ಮಾತ್ರ ಹಿಡಿದು ಪರಿವರ್ತಿಸಿದರೆ ಜಿಡಿಪಿ ಉಳಿಯುತ್ತೆ. ಸರ್ವೆ ನಂಬರ್, ಮೊತ್ತ, ದಿನಾಂಕಗಳನ್ನು ಮೂಲದ ಜೊತೆ ಹೋಲಿಸದೆ ಬಿಡಬೇಡಿ.

ಪಿಡಿಎಫ್ ಆದರೆ ಮೋಸ ಇನ್ನೂ ನಯವಾಗಿರುತ್ತೆ. ಫಾಂಟ್ ಅದರೊಳಗೇ ಅಡಗಿರೋದರಿಂದ ಓದಲು ಏನೂ ತೊಂದರೆ ಇಲ್ಲ, ಕಾಪಿ ಮಾಡಿದಾಗಲೇ ಬಣ್ಣ ಬಯಲಾಗೋದು. ಕಾಪಿ ಮಾಡಿದ್ದನ್ನು ಪರಿವರ್ತಕಕ್ಕೆ ಹಾಕಿ ನೋಡಿ. ಆಗದಿದ್ದರೆ ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ದಾರಿ ಇದೆ. ಗೂಗಲ್ ಡ್ರೈವ್, ಮುಕ್ತ ತಂತ್ರಾಂಶ ಟೆಸರಾಕ್ಟ್ ಎರಡಕ್ಕೂ ಕನ್ನಡ ಬರುತ್ತೆ. ಆದರೆ ಕೋಷ್ಟಕಗಳು ಚೆಲ್ಲಾಪಿಲ್ಲಿ ಆಗುತ್ತವೆ, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತೆ.

ಇದು ಬರೀ ಕಿರಿಕಿರಿಯ ವಿಷಯವಲ್ಲ

ಸರ್ಕಾರಿ ಆದೇಶವೊಂದು ಆಸ್ಕಿ ಪಿಡಿಎಫ್ ಆಗಿ ಜಾಲತಾಣಕ್ಕೆ ಏರಿದೆ ಅಂದುಕೊಳ್ಳಿ. ಲೆಕ್ಕಕ್ಕೆ ಅದು ಪ್ರಕಟವಾಗಿದೆ. ಆದರೆ ನಿಮ್ಮ ಊರಿನ ಹೆಸರು ಹಾಕಿ ಹುಡುಕಿದರೆ ಸಿಗಲ್ಲ. ನಾನೂರು ಪುಟದಲ್ಲಿ ಒಂದು ಸಾಲು ಬೇಕಾದವರು ನಾನೂರು ಪುಟವನ್ನೂ ಓದಬೇಕು. ದೃಷ್ಟಿದೋಷ ಇರುವವರ ಸ್ಥಿತಿ ಇನ್ನೂ ಕಷ್ಟ. ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್‌ಗೆ ಕನ್ನಡ ಓದಲು ಬರುತ್ತೆ, ಆದರೆ ಅದು ಓದೋದು ಒಳಗಿನ ಸಂಖ್ಯೆಯನ್ನು, ಮೇಲಿನ ಚಿತ್ರವನ್ನಲ್ಲ. ಅವರ ಕಿವಿಗೆ ಬೀಳೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ.

"ನಮ್ಮ ಸಿಬ್ಬಂದಿಗೆ ನುಡಿ ಕೀಲಿಮಣೆಯೇ ಅಭ್ಯಾಸ, ಹೊಸದು ಕಲಿಸೋಕಾಗಲ್ಲ" ಅನ್ನೋ ವಾದ ಕಚೇರಿಗಳಲ್ಲಿ ಕೇಳಿಬರುತ್ತೆ. ಇದಕ್ಕೆ ಬುಡವೇ ಇಲ್ಲ. ಕೀಲಿಮಣೆಯ ವಿನ್ಯಾಸ ಬೇರೆ, ಸಂಕೇತ ಬೇರೆ. ಕೆ.ಪಿ. ರಾವ್ ವಿನ್ಯಾಸದಿಂದ ಬಂದ ಅದೇ ಬೆರಳಾಟದಲ್ಲಿ ನುಡಿ ತಂತ್ರಾಂಶವೇ ಯುನಿಕೋಡ್ ಬರೆಯುತ್ತೆ, ಅದರ ಯುನಿಕೋಡ್ ಫಾಂಟ್‌ಗಳೂ ಇವೆ. ಒಂದು ಆಯ್ಕೆ ಬದಲಿಸಬೇಕು, ಅಷ್ಟೆ.

ಇಡೀ ದೇಶವೇ ಹೀಗೆ ಬದಲಾದ ಉದಾಹರಣೆ ನಮ್ಮ ನೆರೆಯಲ್ಲೇ ಇದೆ. ಮ್ಯಾನ್ಮಾರ್‌ನಲ್ಲಿ ಫೋನು, ಫೇಸ್‌ಬುಕ್ ಎಲ್ಲ ಕಡೆ ಝಾಜಿ ಎಂಬ ಫಾಂಟ್ ಆಳುತ್ತಿತ್ತು. ಅದು ಯುನಿಕೋಡ್‌ನ ಬರ್ಮೀಸ್ ಸಂಖ್ಯೆಗಳನ್ನೇ ತನಗೆ ಬೇಕಾದ ಹಾಗೆ ಬಳಸಿಕೊಂಡಿದ್ದರಿಂದ ಯಾವುದು ಯಾವುದೆಂದು ಗುರುತಿಸೋದೇ ಕಷ್ಟ. ಗೂಗಲ್ ಅದಕ್ಕಾಗಿ ಪ್ರತ್ಯೇಕ ಸಾಧನವನ್ನೇ ಬರೆಯಬೇಕಾಯಿತು. ನಮ್ಮದಕ್ಕಿಂತ ಜಟಿಲವಾದ ಗೋಜಲು. ಆದರೂ ಅಲ್ಲಿನ ಸರ್ಕಾರ ಒಂದು ದಿನ ಗೊತ್ತುಮಾಡಿತು: 2019ರ ಅಕ್ಟೋಬರ್ 1. ಅಂದಿನಿಂದ ಯುನಿಕೋಡ್‌ಗೆ ಅಧಿಕೃತ ಬದಲಾವಣೆ ಶುರುವಾಯಿತು.

ಇಲ್ಲಿ ನಾವು ಮಾಡಬಹುದಾದ್ದು ಏನು? ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 7(9) ಪ್ರಕಾರ, ಅರ್ಜಿದಾರ ಕೇಳಿದ ರೂಪದಲ್ಲೇ ಮಾಹಿತಿಯನ್ನು ಸಾಮಾನ್ಯವಾಗಿ ಕೊಡಬೇಕು. ಸಂಪನ್ಮೂಲಕ್ಕೆ ಅತಿಯಾದ ಹೊರೆಯಾದರೆ ಅಥವಾ ದಾಖಲೆಗೆ ಧಕ್ಕೆಯಾಗುವಂತಿದ್ದರೆ ಮಾತ್ರ ವಿನಾಯಿತಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 42 ಅವರಿಗೆ ನಿಲುಕುವ ರೂಪದಲ್ಲಿ ಮಾಹಿತಿ ಸಿಗುವಂತೆ ಸರ್ಕಾರಗಳು ಕ್ರಮ ಕೈಗೊಳ್ಳಬೇಕು ಅನ್ನುತ್ತೆ. ಮುಂದಿನ ಸಲ ಆರ್‌ಟಿಐ ಅರ್ಜಿ ಬರೆಯುವಾಗ "ಮಾಹಿತಿಯು ಕಂಪ್ಯೂಟರಿನಲ್ಲಿ ಲಭ್ಯವಿದ್ದಲ್ಲಿ, ಕನ್ನಡ ಯುನಿಕೋಡ್ ಪಠ್ಯವಿರುವ, ಪದ ಹುಡುಕಲು ಸಾಧ್ಯವಾಗುವ ವಿದ್ಯುನ್ಮಾನ ಕಡತವಾಗಿ ಒದಗಿಸುವುದು" ಅಂತ ಒಂದು ಸಾಲು ಸೇರಿಸಿ. "ಇಮೇಜ್ ಪಿಡಿಎಫ್ ಬೇಡ" ಅಂತಲೂ ಬರೆಯಿರಿ, ಇಲ್ಲದಿದ್ದರೆ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಕಳಿಸುತ್ತಾರೆ.