ಟವೆಲ್ಲಿನ ಅಂಚಿನಲ್ಲಿರುವ ಚರಿತ್ರೆ

ಪುಣೆಯ ಕ್ಯಾಂಪ್ ಕಡೆಯ ಉರ್ದು ಮನೆಗಳಲ್ಲಾಗಲಿ, ನಮ್ಮ ಕಲಬುರಗಿ, ವಿಜಯಪುರದ ಮನೆಗಳಲ್ಲಾಗಲಿ, ಮೆಹಮಾನರು ಬಂದಾಗ ಮಾತ್ರ ಕಪಾಟಿನಿಂದ ಹೊರಬರುವ ಒಂದು ಕೈ ಒರೆಸುವ ಟವೆಲ್ ಇರುವುದುಂಟು. ಹತ್ತಿ ನೂಲಿನದು, ಅಂಚಿಗೆ ಕೈಯಿಂದ ಹೆಣೆದ ಲೇಸು. ಇಂಥ ಕೆಲಸದ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಇದು ಪಾದ್ರಿಗಳ ಹೆಂಡತಿಯರು ಕಲಿಸಿದ್ದು, ನಮ್ಮದಲ್ಲ ಅನ್ನುವುದು. ಇನ್ನೊಂದು, ಇದು ಹೆಂಗಸರ ಟೈಂಪಾಸ್ ಅನ್ನುವುದು. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಪೂರ್ತಿ ಸುಳ್ಳು.

ಮೊದಲನೆಯದನ್ನೇ ನೋಡೋಣ. ಎರಡು ಕಡ್ಡಿಗಳಲ್ಲಿ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಹೆಣೆಯುವ ಕೆಲಸದ ಬಹಳ ಹಳೆಯ ಮಾದರಿಗಳು ಸಿಕ್ಕಿರುವುದು ಮುಸ್ಲಿಂ ಆಳ್ವಿಕೆಯ ಈಜಿಪ್ಟಿನಲ್ಲಿ. ಸುಮಾರು 11ರಿಂದ 14ನೇ ಶತಮಾನದವು. ಅವು ಉಣ್ಣೆಯವಲ್ಲ, ನೀಲಿ ಬಿಳಿ ಹತ್ತಿ ನೂಲಿನ ಕಾಲುಚೀಲಗಳು. ಕೆಲವದರಲ್ಲಿ ಕೂಫೀ ಲಿಪಿಯಲ್ಲಿ ಅಲ್ಲಾಹನ ಹೆಸರನ್ನೇ ಹೆಣೆದಿದ್ದಾರೆ. ಅಲ್ಲಿಂದ ಕಲೆ ಸ್ಪೇನಿಗೆ ಹೋಯಿತು. 1275ರಲ್ಲಿ ತೀರಿಕೊಂಡ ಕ್ಯಾಸ್ಟೈಲಿನ ರಾಜಕುಮಾರ ಫರ್ನಾಂಡೋನ ಗೋರಿಯಲ್ಲಿ ಒಂದು ರೇಷ್ಮೆ ದಿಂಬು ಸಿಕ್ಕಿದೆ. ಕ್ರೈಸ್ತ ಅರಮನೆಗಾಗಿ ಮುಸ್ಲಿಂ ಕುಶಲಕರ್ಮಿಗಳು ಹೆಣೆದದ್ದು. ಅದರಲ್ಲಿ ಅರಬ್ಬಿಯ 'ಬರಕತ್' ಪದವಿದೆ.

ಟವೆಲ್ಲಿನ ಅಂಚಿಗೂ ಇಂಥದೇ ಚರಿತ್ರೆ. ಮಗ್ಗದಿಂದ ಇಳಿಸಿದ ಬಟ್ಟೆಯ ತುದಿಯಲ್ಲಿ ಉಳಿಯುವ ಎಳೆಗಳನ್ನು ಅರಬ್ ನೇಕಾರರು ಗಂಟು ಹಾಕಿ ಕುಚ್ಚು ಮಾಡುತ್ತಿದ್ದರು. ಎಳೆ ಬಿಚ್ಚಿಹೋಗಬಾರದು ಅನ್ನುವುದು ಉದ್ದೇಶ, ಅಂದ ಅದರ ಜೊತೆಗೆ ಬಂದದ್ದು. ಇಂದು ಎಲ್ಲರೂ ಗೋಡೆಗೆ ನೇತುಹಾಕುವ 'ಮ್ಯಾಕ್ರಮೆ'ಯ ಹೆಸರು ಅರಬ್ಬಿಯ 'ಮಿಕ್ರಮಾ'ದಿಂದ ಬಂದದ್ದು. ತುರ್ಕಿಯಲ್ಲಿ 'ಮಕ್ರಮಾ' ಅಂದರೆ ಕೈ ಒರೆಸುವ ವಸ್ತ್ರವೇ. ನಾವು ಈಗಲೂ 'ಟರ್ಕಿ ಟವೆಲ್' ಅಂತ ಕೇಳಿ ಕೊಳ್ಳುತ್ತೇವೆ. ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ವ್ಯಾಪಾರಿ ತುರ್ಕಿಯಲ್ಲಿ ಕುಣಿಕೆ ನೇಯ್ಗೆಯ ಆ ಬಟ್ಟೆ ನೋಡಿ ಊರಿಗೆ ತಂದ; ಯಂತ್ರದಲ್ಲಿ ನೇಯ್ದ ಟವೆಲ್ 1851ರ ಲಂಡನ್ ಪ್ರದರ್ಶನದಲ್ಲಿತ್ತು. ಹೀಗಾಗಿ ಮಿಷನ್ ಶಾಲೆಯ ಮೇಡಂ ನಮ್ಮ ಹುಡುಗಿಯರಿಗೆ ಕಲಿಸಿದ್ದರಲ್ಲಿ ಒಂದು ಪಾಲು, ಎಷ್ಟೋ ಶತಮಾನ ಯುರೋಪು ಸುತ್ತಿ ಬಂದ ಹಳೆಯ ಪರಿಚಯವೇ ಆಗಿತ್ತು.

ಇನ್ನು ಪುಣೆಗೆ ಬರೋಣ. 1848ರಲ್ಲಿ ಫುಲೆ ದಂಪತಿ ಇಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರ ಜೊತೆಗಿದ್ದ ಫಾತಿಮಾ ಅವರ ಹೆಸರು ಸಾವಿತ್ರಿಬಾಯಿ 1856ರಲ್ಲಿ ಬರೆದ ಪತ್ರದಲ್ಲಿದೆ. ಆ ಕಾಲದಲ್ಲಿ ಹುಡುಗಿ ಅಕ್ಷರ ಕಲೀತಾಳೆ ಅಂದರೆ ಮನೆಯವರಿಗೆ ಭಯ. ಹೊಲಿಗೆ, ಹೆಣಿಗೆ ಕಲೀತಾಳೆ ಅಂದರೆ ಅಷ್ಟು ಭಯವಿಲ್ಲ. ಮಿಷನ್ ಶಾಲೆಗಳು ಓದಿನ ಜೊತೆಗೆ ಸೂಜಿ ಕೆಲಸ ಇಟ್ಟವು. ಉರ್ದುವಿನಲ್ಲೂ ಇದೇ ಒಪ್ಪಂದ ಕಾಣುತ್ತದೆ. ಡೆಪ್ಯುಟಿ ನಜೀರ್ ಅಹ್ಮದ್ ಅವರ 1869ರ 'ಮಿರಾತುಲ್ ಉರೂಸ್' ಕಾದಂಬರಿಯ ಅಸ್ಗರಿ ಮನೆಯಲ್ಲೇ ಹುಡುಗಿಯರಿಗೆ ಮಕ್ತಬ್ ನಡೆಸುತ್ತಾಳೆ. ಅಲ್ಲಿ ಓದೂ ಇದೆ, ಹೊಲಿಗೆಯೂ ಇದೆ. ಸೂಜಿ ಮುಂದೆ ನಡೆದು ಪುಸ್ತಕಕ್ಕೆ ದಾರಿ ಮಾಡಿತು.

ಈ ದಾರಿಯನ್ನು ಅಗಲ ಮಾಡಿದವರಲ್ಲಿ ಒಬ್ಬರು ನಮ್ಮ ನೆಲದವರು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಇಂದಿನ ಕರ್ನಾಟಕದ ಗಂಗಾಮೂಲದಲ್ಲಿ. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. 1896-97ರ ಬರಗಾಲದ ನಂತರ ಪುಣೆ ಹತ್ತಿರದ ಕೇಡಗಾಂವದ ಅವರ ಮುಕ್ತಿ ಸದನ ನೂರಾರು ಅನಾಥ ಹುಡುಗಿಯರ ಮನೆಯಾಯಿತು. ಅಲ್ಲಿ ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಅಚ್ಚಿನ ಕೆಲಸ ಎಲ್ಲವೂ ಇತ್ತು. 1910ರ ದಶಕದಲ್ಲಿ ನಿಜಾಮರ ಸೀಮೆಯ ಗುಲ್ಬರ್ಗಾದಲ್ಲೂ ಅವರು ಶಾಲೆ ತೆರೆಸಿದರು. 1909ರಲ್ಲಿ ರಮಾಬಾಯಿ ರಾನಡೆ ಪುಣೆಯಲ್ಲಿ ಕಟ್ಟಿದ ಸೇವಾ ಸದನದಲ್ಲೂ ಹೊಲಿಗೆ ತರಗತಿಗಳಿದ್ದವು. ಇವರಿಬ್ಬರಿಗೂ ಕೈಕೆಲಸ ಅಂದರೆ ಅಲಂಕಾರವಲ್ಲ, ಹೆಣ್ಣು ತನ್ನ ಅನ್ನ ತಾನೇ ಸಂಪಾದಿಸಲಿ ಅನ್ನುವ ಆಸೆ.

ಆದರೆ ಮನೆಗೆ ಬಂದ ಸೂಜಿ ಆ ಆಸೆಯನ್ನು ಹೊಸ್ತಿಲಾಚೆ ಬಿಟ್ಟಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಆಂಧ್ರದ ನರಸಾಪುರದ ಲೇಸು ಹೆಣೆಯುವ ಹೆಂಗಸರ ಬಗ್ಗೆ ಪುಸ್ತಕ ಬರೆದರು. ಆ ಲೇಸು ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಬೆಳೆದರು. ದಿನವಿಡೀ ಹೆಣೆಯುವವರನ್ನು ಮಾತ್ರ ಎಲ್ಲರೂ 'ಗೃಹಿಣಿ' ಅಂದರು, ಬಿಡುವಿನ ಕೆಲಸ ಅಂದರು. ಆ ಒಂದು ಪದದಿಂದಲೇ ಕೂಲಿ ಕಡಿಮೆಯಾಯಿತು. ನಾವು ಟೈಂಪಾಸ್ ಅಂದಾಗಲೂ ಆಗುವುದು ಇದೇ. ಯಂತ್ರದಲ್ಲಿ ನೇಯ್ದ ಸೊಲ್ಲಾಪುರದ ಟರ್ಕಿ ಟವೆಲ್ಲಿಗೆ ಇವತ್ತು ಜಿಐ ಮಾನ್ಯತೆ ಇದೆ. ಮನೆಯಲ್ಲಿ ಹೆಣೆದ ಅಂಚಿಗೆ ಹೆಣೆದವಳ ಹೆಸರೂ ಇಲ್ಲ.

ಟೈಂಪಾಸ್ ಅನ್ನುವವರು ಒಂದು ಸಲ ಆ ಅಂಚಿನ ಲೆಕ್ಕ ನೋಡಬೇಕು. ಗರಗಸದ ಹಲ್ಲಿನಂಥ ಸರಳ ಅಂಚು ತಗೊಳ್ಳಿ. ಕಡ್ಡಿಯ ಮೇಲೆ 8 ಕುಣಿಕೆ. ನಮ್ಮ ಮನೆಗಳಲ್ಲಿ ಇದಕ್ಕೆ ಫಂದಾ ಅಂತಾರೆ, ಕಡ್ಡಿಗೆ ಸಲಾಯಿ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ದಾರವನ್ನು ಕಡ್ಡಿಗೆ ಸುಮ್ಮನೆ ಒಂದು ಸುತ್ತು ಹಾಕಿದರೆ ಅಲ್ಲೊಂದು ತೂತು ಬೀಳುತ್ತದೆ, ಒಂದು ಕುಣಿಕೆ ಹೆಚ್ಚುತ್ತದೆ. ಏಳನೇ ಸಾಲು ಮುಗಿದಾಗ 12. ಎಂಟನೇ ಸಾಲಿನಲ್ಲಿ 4 ಮುಚ್ಚಿದರೆ ಮತ್ತೆ 8, ಒಂದು ಹಲ್ಲು ಮುಗಿಯಿತು. ಟವೆಲ್ಲಿನ ಅಗಲಕ್ಕೆ 20 ಹಲ್ಲು ಬೇಕಾದರೆ 160 ಸಾಲು. ಎಲ್ಲೋ ಒಂದು ಸುತ್ತು ತಪ್ಪಿದರೆ ಮುಂದಿನ ಹಲ್ಲೆಲ್ಲ ಸೊಟ್ಟ. ಶಾಲೆಯ ಮುಖ ನೋಡದ ನಮ್ಮ ನಾನಿ, ದಾದಿಯರು ಇದನ್ನು ಕಾಗದವಿಲ್ಲದೆ ನೆನಪಿನಲ್ಲಿಟ್ಟು ಮಾಡುತ್ತಿದ್ದರು. ಹತ್ತಿ ನೂಲೇ ಏಕೆ ಅನ್ನುವುದೂ ಅವರಿಗೆ ಗೊತ್ತಿತ್ತು. ಅದು ನೀರು ಹೀರುತ್ತದೆ, ಒದ್ದೆಯಾದಾಗ ಇನ್ನಷ್ಟು ಗಟ್ಟಿ, ಕುದಿಸಿ ಒಗೆದರೂ ತಡೆಯುತ್ತದೆ.

ಬಿ.ಎಡ್. ಓದಿದವರೆಲ್ಲ ಬುನಿಯಾದಿ ತಾಲೀಮಿನ ಪಾಠ ಓದಿರುತ್ತಾರೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ವಿಚಾರಕ್ಕೆ ಪಠ್ಯಕ್ರಮದ ರೂಪ ಕೊಟ್ಟ ಸಮಿತಿಯ ಅಧ್ಯಕ್ಷರು ಡಾ. ಜಾಕಿರ್ ಹುಸೇನ್. ಕೈಕೆಲಸದ ಮೂಲಕವೇ ಗಣಿತ, ವಿಜ್ಞಾನ, ಸಮಾಜ ಕಲಿಸಬೇಕು ಅನ್ನುವುದು ಅದರ ತಿರುಳು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ, ತರಗತಿಯಲ್ಲಿ ಮಾತ್ರ ಹೆಣಿಗೆಯನ್ನು ಹುಡುಗಿಯರ ಶುಕ್ರವಾರದ ಪೀರಿಯಡ್ಡಿಗೆ ತಳ್ಳುವುದು ನಮ್ಮ ರೂಢಿ. ಮೇಲಿನ 8, 12, 160ರ ಲೆಕ್ಕವನ್ನು ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೆ ಕಲಿಸಬಹುದಲ್ಲ? ಈಜಿಪ್ಟಿನ ಕಾಲುಚೀಲದಿಂದ ಕೇಡಗಾಂವದವರೆಗೆ ಇತಿಹಾಸ ಪಾಠವೂ ಅದರಲ್ಲೇ ಆಗುತ್ತದೆ.

ಅದಕ್ಕೂ ಮೊದಲು ಮಾಡಬಹುದಾದ ಕೆಲಸ ಒಂದಿದೆ. ನಮ್ಮ ಮನೆಗಳಲ್ಲಿ ಇನ್ನೂ ಹೆಣೆಯುವ ಹಿರಿಯರು ಇದ್ದಾರೆ. ಎಷ್ಟು ಫಂದಾ, ಯಾರಿಂದ ಕಲಿತಿರಿ, ಮಾರಿದ್ದರೆ ಎಷ್ಟು ಸಿಕ್ಕಿತು ಅಂತ ಕೇಳಿ ಬರೆದಿಡೋಣ, ಅವರ ಹೆಸರಿನ ಸಮೇತ. ಫಾತಿಮಾ ಅವರ ಬದುಕನ್ನು ಇವತ್ತು ಎಷ್ಟು ಹುಡುಕಿದರೂ ಸಿಗುವ ಕಾಗದ ಬಹಳ ಕಡಿಮೆ. ನಮ್ಮ ಅಮ್ಮಂದಿರ ವಿಷಯದಲ್ಲಿ ಹಾಗಾಗುವ ಮೊದಲೇ ನೋಟ್‌ಬುಕ್ ತೆಗೆಯೋಣ.